ಏಳನೆಯ ಟೊಪ್ಪಿಗೆ

ರಾತ್ರಿಯೆಲ್ಲ ಎಂಜಿನ್ನಿಗೆ ಬಿಸಿಯೂಡಿದ ತಂತಿಯನ್ನು ಕಿತ್ತು
ಸುತ್ತಿ ಕೊಕ್ಕೆಗೆ ಹಾಕುತ್ತೇನೆ. ಮೈನಸ್ ಮೂವತ್ತೊಂದು.
ಮ್ಯಾನಿಟೋಬದಲ್ಲಿ ಇದಕ್ಕೆ ಯಾರೂ ಚಳಿ ಅನ್ನುವುದಿಲ್ಲ,
ಜನವರಿ ಅನ್ನುತ್ತಾರೆ.

ದೀಪ ನೋಡುತ್ತೇನೆ: ಹಳದಿ ನಾಲ್ಕು, ಕೆಂಪು ನಾಲ್ಕು.
ಎಡಪಕ್ಕೆಯಿಂದ ಚಾಚುವ ಎಂಟು ಮೂಲೆಯ ಕೈ.
ಮೂತಿಯಿಂದ ಗೇಟಿನಂತೆ ತೆರೆಯುವ ಉದ್ದನೆ ಕೋಲು.
ಅದರಾಚೆ ನಡೆಯಿರಿ, ಈಚೆ ಬರಬೇಡಿ,
ಈಚೆ ನಾನು ಕುರುಡಿ.
ಇದನ್ನು ಸೆಪ್ಟೆಂಬರಿನಲ್ಲಿ ಹೇಳಿದೆ, ಅಕ್ಟೋಬರಿನಲ್ಲಿ ಹೇಳಿದೆ,
ಮೊದಲ ಹಿಮ ಬಿದ್ದ ದಿನ ಎರಡು ಸಲ ಹೇಳಿದೆ.
ಹಿಂದಿನ ಸೀಟಿನ ದೊಡ್ಡ ಹುಡುಗರು ನನ್ನದೇ ದನಿಯಲ್ಲಿ,
"ನನ್ನ ಕಣ್ಣು ನಿನಗೆ ಕಂಡರೆ ನೀನು ನನಗೆ ಕಂಡೆ!"
ಅಣಕಿಸಲಿ.
ಅಣಕಿಸಿದ ಮಾತು ಮರೆತುಹೋಗುವುದಿಲ್ಲ.

ಹತ್ತೊಂಬತ್ತು ವರ್ಷ. ಎರಡು ಬಸ್ಸು ಸವೆಸಿದ್ದೇನೆ.
ನನ್ನ ಮಕ್ಕಳು ಎಂದು ಯಾವತ್ತೂ ಅಂದವಳಲ್ಲ.
ಅವರಿವರ ಮಕ್ಕಳು ಇವು; ಬೆಳಿಗ್ಗೆ ಎಣಿಸಿ ಇಸಕೊಂಡು
ಸಂಜೆ ಎಣಿಸಿ ಒಪ್ಪಿಸಬೇಕಾದ ಪರರ ಒಡವೆ.
ಕೆಲವು ಒಡವೆ ಸೀಟಿನಡಿ ಚ್ಯೂಯಿಂಗ್ ಗಮ್ ಮೆತ್ತುತ್ತವೆ.

ಆವತ್ತು ಸಂಜೆ ನಾಲ್ಕೂವರೆ. ಬೆಳಕು ಬಯಲಿನಂಚಿಗೆ ಜಾರಿತ್ತು.
ಕೊವಾಲ್ ಅವರ ಗೋಧಿ ಕಣಜಗಳ ತಿರುವು, ಮನೆಗಳು ಹೆದ್ದಾರಿಯಾಚೆ.
ಕೆಂಪು ಹಚ್ಚಿದೆ, ಕೈ ಚಾಚಿದೆ,
ಎರಡೂ ಕಡೆ ನೋಡಿ ಬಾಗಿಲು ತೆಗೆದೆ.
ಏಳು ಜನ ಇಳಿದರು.
ಡುಶಾರ್ಮ್ ಅಣ್ಣ, ಡುಶಾರ್ಮ್ ತಮ್ಮ,
ಮನಿಲಾದಿಂದ ಬಂದು ಇನ್ನೂ ಹಿಮವನ್ನು ನೆಕ್ಕಿ ನೋಡುವ ಜೆರಿಕೊ,
ಫ್ಲೆಟ್ ಮನೆಯ ಮೂವರು, ಯಾವಾಗಲೂ ಜಗಳದಲ್ಲೇ,
ಕೊನೆಗೆ ಮಾರ್ಲಿಸ್, ಒಂದನೇ ಕ್ಲಾಸು,
ಬೆನ್ನಿನ ಚೀಲವೇ ಅವಳನ್ನು ಇಳಿಸಿಕೊಂಡು ಹೋದಂತೆ.

ಕೋಲಿನಾಚೆ ಟೊಪ್ಪಿಗೆಗಳು ಸಾಲಾಗಿ ತೇಲಿದವು.
ಒಂದು, ಎರಡು, ಮೂರು,
ನಾಲ್ಕು, ಐದು,
ಆರು.

ಆರು.

ಉಬ್ಬುಗನ್ನಡಿಗೆ ಹಿಮ ಮೆತ್ತಿತ್ತು.
ಆಚೆ ದಂಡೆಯಲ್ಲಿ ಆರು ಜನ ಕೈ ಬೀಸಿದರು,
ಇನ್ನು ಹೋಗು ಅನ್ನುವ ಹಾಗೆ.
ಹಿಂದೆ ಒಂದು ಪಿಕಪ್ಪು. ಹಾರ್ನು.
ಮತ್ತೆ ಹಾರ್ನು.
ಆ ಮನುಷ್ಯನಿಗೂ ಒಂದು ಅವಸರ ಇದ್ದೀತು:
ಹಸು ಈಯುತ್ತಿರಬಹುದು, ಮನೆಯಲ್ಲಿ ನೀರಿನ ಪೈಪು ಒಡೆದಿರಬಹುದು,
ಬರಿಯ ಹಸಿವೂ ಇರಬಹುದು.
ನನ್ನ ಬಲಗಾಲಿಗೂ ಒಂದು ರೂಢಿಯಿದೆ,
ಲೆಕ್ಕ ಮುಗಿಯುವ ಮೊದಲೇ
ಬ್ರೇಕಿನಿಂದ ಏಳಲು ನೋಡುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದೆ. ಕೀಲಿ ಕಿತ್ತು ಜೇಬಿಗೆ ಹಾಕಿದೆ. ಇಳಿದೆ.

ಬಲಗಡೆಯ ಮುಂಚಕ್ರದ ಹತ್ತಿರ ಮಂಡಿಯೂರಿ
ಬಂಪರಿನ ಕೆಳಗೆ ಭುಜದವರೆಗೆ ಕೈ ತೂರಿಸಿ
ಮಾರ್ಲಿಸ್ ಏನನ್ನೋ ತಡಕುತ್ತಿದ್ದಳು.
ಕೈಗವಸು. ಕೆಂಪು ಉಣ್ಣೆಯದು.
"ಅಜ್ಜಿ ಬೈತಾಳೆ," ಅಂದಳು ತಲೆಯೆತ್ತದೆ,
"ಹೋದ ವಾರವೂ ಒಂದು ಕಳೆದಿದ್ದೆ."

ಬೈಯಬೇಕಿತ್ತು ನಾನು.
ಬಾಯಿಯಲ್ಲಿ ಪಸೆಯಿರಲಿಲ್ಲ.

ಪಿಕಪ್ಪಿನವನು ಜಗಳಕ್ಕೆಂದೇ ಬಾಯಿ ತೆರೆದು ಬಂದಿದ್ದ,
ಚಕ್ರದ ಪಕ್ಕ ಅಂಗೈಯಗಲದ ಬೂಟು ಎರಡು ಕಂಡವು.
ತೆರೆದ ಬಾಯಿಂದ ಉಗಿ ಮಾತ್ರ ಬಂತು.
ತಿರುಗಿ ಹೋಗಿ, ಹಿಂದಿನಿಂದ ಬರುವ ಗೋಧಿ ಲಾರಿಗೆ
ರಸ್ತೆಯ ನಡುವೆ ಎರಡೂ ಕೈ ಎತ್ತಿ ನಿಂತ.
ಅವನ ಹೆಸರು ಇವತ್ತಿಗೂ ಗೊತ್ತಿಲ್ಲ.

ಅವಳ ಬರಿಗೈಯನ್ನು ನನ್ನ ಜೇಬಿನೊಳಗೆ, ಕೀಲಿಯ ಜೊತೆ, ಹಿಡಿದು
ಕೋಲಿನಾಚೆಯಿಂದ ದಾಟಿಸಿದೆ.
ಏಳು ಅಂದೆ, ಗಟ್ಟಿಯಾಗಿ.
ಜೆರಿಕೊ ನಕ್ಕ. ನಗಲಿ.

ಡಿಪೋದಲ್ಲಿ ಎಂಜಿನ್ನು ನಿಲ್ಲಿಸಿದರೆ ಒಂದು ಗಂಟೆ ಕಿರುಚುತ್ತದೆ,
ಕಟ್ಟಕಡೆಯ ಸೀಟಿನವರೆಗೆ ನಡೆದು ಗುಂಡಿಯೊತ್ತುವ ತನಕ.
ಮಲಗಿಬಿಟ್ಟ ಮಗು ಉಳಿದಿರಬಾರದಲ್ಲ.
ನಡೆದೆ, ಸೀಟುಸೀಟಿಗೂ ಬಗ್ಗಿ.
ಬಾಳೆಸಿಪ್ಪೆ, ಒಂಟಿ ಕಾಲುಚೀಲ, ಯಾರದೋ ಮಗ್ಗಿ ಪುಸ್ತಕ.
ಗುಂಡಿ ಒತ್ತಿ ಅಲ್ಲೇ ಕೂತೆ.
ಅಲ್ಲಿಂದ ನನ್ನ ಸೀಟು ಎಷ್ಟು ದೂರ,
ಎಷ್ಟು ಸಣ್ಣದು.

ಮಾರನೆಯ ಬೆಳಿಗ್ಗೆ ಕನ್ನಡಿ ಮೂರು ಸಲ ಒರೆಸಿದೆ.
ಹೊಸದೊಂದು ಮಾತು ಸೇರಿಸಿದೆ:
"ಬಿದ್ದದ್ದು ಬಿದ್ದಿರಲಿ, ನೀ ಬಾಗಬೇಡ, ನನಗೆ ಹೇಳು."
ದೊಡ್ಡ ಹುಡುಗರು ಕೂಡಲೇ ಶುರು ಮಾಡಿದರು.
ಶುಕ್ರವಾರದ ಹೊತ್ತಿಗೆ
ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದವಳು
ಮಾರ್ಲಿಸ್.