ಮೂವತ್ತೊಂದನೆಯ ಕಂಬ

ರುವೈಸಿನ ಜೆಟ್ಟಿಯಾಚೆ, ಮಾರ್ಚ್ ತಿಂಗಳ ಒಂದು ರಾತ್ರಿ,
ನಾಲ್ಕು ಲಂಗರು ಕಚ್ಚಿ ಕೂತಿದ್ದ ಬಾರ್ಜು
ನಡೆಯತೊಡಗಿತು.

ನೀರಿನ ಮೇಲಲ್ಲ, ನನ್ನ ಪರದೆಯ ಮೇಲೆ.
ಮೊದಲು ಒಂದು ಗೇಣು ಬಡಗಣಕ್ಕೆ,
ಆಮೇಲೆ ಒಂದು ಮಾರು ಮೇಲಕ್ಕೆ. ಹೌದು, ಮೇಲಕ್ಕೆ,
ಆ ಕಬ್ಬಿಣದ ಹೊಟ್ಟೆ ಕಡಲಿಂದ ಎದ್ದು ನಿಂತ ಹಾಗೆ.
ಹಸಿರಿದ್ದ ಅಂಕಿ ಹಳದಿಯಾಯಿತು.
ಇಪ್ಪತ್ತೆರಡು ಉಪಗ್ರಹಗಳಲ್ಲಿ ಒಂಬತ್ತು ಉಳಿದವು,
ಒಂಬತ್ತರಲ್ಲಿ ಮೂರು ತೊದಲುತ್ತಿದ್ದವು.

ಕ್ರೇನಿನ ಕೊಕ್ಕೆಗೆ ನಲವತ್ತೇಳನೆಯ ಕಂಬ
ನೇತುಬಿದ್ದು ನನ್ನ ಒಂದು ಮಾತಿಗೆ ಕಾಯುತ್ತಿತ್ತು.
ಇಳಿಸಲೇ? ವಾಕಿಟಾಕಿಯಲ್ಲಿ ದುರ್ರಾಖಾನ್ ಕೇಳಿದ.
ಬೇಡ ಅಂದೆ.

ಹಮದಿ ಸಾಹೇಬರು ಮೆಟ್ಟಿಲೇರಿ ಬಂದರು.
ಮೋಡವಿಲ್ಲ, ಗಾಳಿಯಿಲ್ಲ, ತೆರೆಯಿಲ್ಲ,
ಈ ಬಾರ್ಜಿನ ಬಾಡಿಗೆ ಗಂಟೆಗೆ ಎಷ್ಟು, ಗೊತ್ತೇ?
ಗೊತ್ತು. ನನ್ನ ಎಂಟು ತಿಂಗಳು.

ಹೇಗೆ ಹೇಳಲಿ ಅವರಿಗೆ,
ಮೋಡದ ಮಾತೇ ಇಲ್ಲದಷ್ಟು ಮೇಲೆ,
ಮುನ್ನೂರು ಕಿಲೋಮೀಟರು ಎತ್ತರದಲ್ಲಿ,
ಹಗಲೆಲ್ಲ ಬಿಸಿಲು ಹುಯ್ದಿಟ್ಟ ತೆಳ್ಳನೆಯ ಹಿಟ್ಟಿನಲ್ಲಿ
ಹೊತ್ತು ಮುಳುಗಿದ್ದೇ ತಳದಿಂದ ಗುಳ್ಳೆ ಏಳುತ್ತವೆ,
ಏರಿದಷ್ಟೂ ಹಿಗ್ಗುತ್ತವೆ, ಹರಿಯುತ್ತವೆ,
ಆ ತೂತುಗಳ ಅಂಚು ಸವರಿ ಬಂದ ದನಿ
ಒಮ್ಮೆ ಚೀರುತ್ತದೆ, ಒಮ್ಮೆ ಉಸಿರಡಗುತ್ತದೆ,
ತಾನು ನಡೆದ ದಾರಿಯ ಉದ್ದವನ್ನೇ ತಪ್ಪು ಹೇಳುತ್ತದೆ.
ಎಲ್ಲರ ಮನೆ ದೋಸೆಯೂ ತೂತೇ, ಸಾಹೇಬರೇ.
ಇವತ್ತು ಕಾವಲಿಯೇ ತೂತು.

ಇಷ್ಟನ್ನೂ ಹಿಂದಿಯಲ್ಲಿ ಹೇಳಹೋಗಿ
ಆಸಮಾನ್ ಖರಾಬ್ ಅಂದುಬಿಟ್ಟೆ.
ಅವರು ತಲೆಯೆತ್ತಿ ನೋಡಿದರು.
ರಿಫೈನರಿಯ ಬೆಂಕಿಯ ಪಕ್ಕದಲ್ಲೂ ಅವತ್ತು
ನಕ್ಷತ್ರಗಳು ಒಂದಿಷ್ಟೂ ಮುಖ ಮುಚ್ಚಿರಲಿಲ್ಲ.

ಕೆಲಸ ನಿಂತರೆ ಫಾರಮಿನಲ್ಲಿ ಕಾರಣಕ್ಕೆ ಗುರುತು ಹಾಕಬೇಕು:
ಹವಾಮಾನ. ಯಂತ್ರ. ಸಿಬ್ಬಂದಿಯ ತಪ್ಪು. ಇತರೆ.
ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವನು ಲಾಜರಸ್ ಕ್ರಾಸ್ತಾ.
ಅಕ್ಟೋಬರಿನ ಇಂಥದೇ ಒಂದು ರಾತ್ರಿ
ಬೈಸಿಕೊಂಡು ಬೈಸಿಕೊಂಡು ಸಾಕಾಗಿ
ಹಳದಿ ಅಂಕಿಗೆ ಹೂಂ ಅಂದ.
ಬೆಳಗಾಗಿ ನೋಡಿದರೆ ಮೂವತ್ತೊಂದನೆಯ ಕಂಬ
ಸಾಲು ಬಿಟ್ಟು ನಾಲ್ಕು ಮೊಳ ಆಚೆ,
ಎಪ್ಪತ್ತು ಅಡಿ ಕೆಸರಿನಲ್ಲಿ, ಬಲು ನೇರವಾಗಿ ನಿಂತಿತ್ತು.
ಕೀಳಲಾಗದೆ ಬಿಟ್ಟರು. ಪಕ್ಕದಲ್ಲಿ ಇನ್ನೊಂದು ನೆಟ್ಟರು.
ಮೂರನೆಯ ಕಾರಣಕ್ಕೆ ಗುರುತು ಬಿತ್ತು,
ಶುಕ್ರವಾರದ ವಿಮಾನಕ್ಕೆ ಟಿಕೆಟ್ಟೂ ಬಂತು.
ಅವನ ಚಹಾದ ಮಗ್ ಇನ್ನೂ ಇಲ್ಲೇ ಇದೆ,
ಅದರಲ್ಲಿ ನಾನು ಪೆನ್ನು ಇಡುತ್ತೇನೆ.

ಇತರೆ, ಎಂದು ಗುರುತು ಹಾಕಿದೆ.

ಕಂಬವನ್ನು ಮತ್ತೆ ಮಲಗಿಸಿದರು.
ದುರ್ರಾಖಾನ್ ಕ್ರೇನಿನಿಂದಿಳಿದು ಖರ್ಜೂರದ ಪೊಟ್ಟಣ ತಂದ.
ಈಗ ನಾನು ಎಲ್ಲಿದ್ದೇನೆ ಹೇಳು ನೋಡುವಾ, ಅಂದ.
ಪರದೆ ನೋಡಿ ಹೇಳಿದೆ: ಅಂಚು ದಾಟಿ ಆಚೆ, ನೀರಿನಲ್ಲಿ.
ಅವನು ಚಪ್ಪಲಿ ನೋಡಿಕೊಂಡ. ಒಣಗಿತ್ತು.
ಬೀಜ ಉಗುಳಿ ಮಲಗಲು ಹೋದ.

ಹನ್ನೆರಡೂಕಾಲಿಗೆ ಅಂಕಿ ಹಸಿರಾಯಿತು.
ನಾನು ಯಾರಿಗೂ ಹೇಳಲಿಲ್ಲ.
ಇಪ್ಪತ್ತು ನಿಮಿಷ ಅದನ್ನೇ ದಿಟ್ಟಿಸುತ್ತ ಕೂತೆ.
ಅದು ಕದಲಲಿಲ್ಲ, ಕಣ್ಣು ತಪ್ಪಿಸಲಿಲ್ಲ,
ಮೂರು ಗಂಟೆ ಎಲ್ಲಿಗೂ ಹೋಗಿಯೇ ಇರಲಿಲ್ಲವೇನೋ ಎಂಬಂತೆ.
ಆಮೇಲೆ ವಾಕಿಟಾಕಿ ಎತ್ತಿಕೊಂಡೆ. ಇಳಿಸು.

ಸುತ್ತಿಗೆಯ ಮೊದಲ ಪೆಟ್ಟಿಗೆ
ಮೂವತ್ತೊಂದರ ತಲೆಯ ಮೇಲೆ ನಿದ್ದೆ ಹೋಗಿದ್ದ ನೀರುಕಾಗೆ
ಬೆಚ್ಚಿ ಹಾರಿತು,
ಕತ್ತಲಲ್ಲಿ ಒಂದು ಸುತ್ತು ಹೊಡೆದು
ಅಷ್ಟೂ ಕಂಬಗಳನ್ನು ಬಿಟ್ಟು
ಮತ್ತೆ ಅದಕ್ಕೇ ಬಂದು ಕೂತಿತು.