ಹೋಲ್ಡಾನ್

ಸಿಂದಗಿ ರಸ್ತೆಗೆ ದಸ್ತಗೀರ ಮೇಸ್ತ್ರಿ ಬಾಡಿ ಕಟ್ಟೂ ಶೆಡ್ಡು.
ನೆಲದ ಮ್ಯಾಲ ಸುಣ್ಣದ ಕಡ್ಡಿಲೆ ಮನಿ ಬರದಿದ್ದ,
ಏಳು ಫೂಟು ಉದ್ದ, ಐದೂವರಿ ಅಗಲ.
"ಒಳಗ ಬರ್ರಿ ಅಕ್ಕಾರ."
ಬಾಗಲಾ ಯಾವದು ತಿಳೀದ ಕಾಲಿಟ್ಟೆ.
"ಅಯ್ಯ, ಅದು ಒಲಿ ಇಡೂ ಕಟ್ಟಿರೀ."

ಮೊದಲು ತೋರಿಸಿದ್ದು ಹಳೇ ಲಾರಿ, ಬಸ್ಸಿನ ತಮ್ಮನಂಗಿತ್ತು.
ಸ್ಟೇರಿಂಗ್ ಹಿಡದು ಕುಂತ ನಮ್ಮವರು ಇಳೀಲೇ ಇಲ್ಲ.
ನನಗ ಎರಡು ಮಣಕಾಲು, ಎರಡೂ ಹೇಳಿದ್ದು ಕೇಳೂದಿಲ್ಲ,
ಆ ಮೆಟ್ಟಲಾ ಯಾರು ಹತ್ತಬೇಕು ದಿನಾ?
ಬ್ಯಾಡಂದೆ.

ಆಮ್ಯಾಲ ಈ ಪಿಕಪ್ಪು.
ಬೆನ್ನಮ್ಯಾಲ ಮನಿ ಹೊತ್ತ ಬಸವನಹುಳದಂಗ.
ಆದರ ಈ ಹುಳಕ್ಕ ಮನಿ ಇಳಿಸಾಕ ಬರತದ:
ನಾಕು ಕಬ್ಬಿಣದ ಕಾಲು, ತಿರುವಿದ್ರ ನೆಲಕ್ಕ ಊರತಾವ,
ಗಾಡಿ ಕೆಳಗಿಂದ ಜಾರಿ ಮುಂದ ಹೋಗತದ.
"ಹಾಲು ತರಬೇಕನ್ರಿ, ಮನಿ ಅಲ್ಲೇ ಬಿಟ್ಟು ಗಾಡಿ ಒಯ್ರಿ."
"ಒಳಗ ನಾನಿದ್ರ?"
"ನೀವು ನಿಂತಿರ್ತೀರಿ ಅಕ್ಕಾರ."

ನಿಂತಿರೂದು.
ಇಪ್ಪತ್ತಾರು ವರ್ಷ ಅದನ್ನ ಮಾಡೇನಿ, ತಮ್ಮಾ,
ವಿಜಯಪುರ–ತಾಳಿಕೋಟಿ, ದಿನಕ್ಕ ಮೂರು ಟ್ರಿಪ್ಪು,
ಸೀಟಿನ ಕಂಬಿಗೆ ಟೊಂಕ ಆನಿಸಿ, ಬಾಯಾಗ ಪೆನ್ನು,
ಎಡ ಭುಜದಾಗ ಚೀಲದ ಪಟ್ಟಿ ಕೊರದ ಗೆರಿ
ಇನ್ನೂ ಅದ. ಜಳಕ ಮಾಡಾಗ ಕೈಗೆ ಹತ್ತತದ.

ನಮ್ಮವರ ಮಾರಿ ನನಗ ತಡಾ ಆಗಿ ಗೊತ್ತಾತು.
ಮೊದಲು ಬೆನ್ನು ಗೊತ್ತಿತ್ತು:
ಖಾಕಿ ಕಾಲರಿನ ಬೆವರು, ಕುತ್ತಿಗಿ ಮ್ಯಾಲಿನ ನರಹುಲಿ,
ಗೇರು ಬದಲಿಸೂ ಮುಂಚೆ ಏಳೂ ಬಲ ಭುಜ.
ಅವರಿಗೂ ನಾನಂದ್ರ ಬರೇ ಧ್ವನಿ,
ಎರಡೇ ಮಾತಿನ ಹೆಣಮಗಳು:
ರೈಟ್. ಹೋಲ್ಡಾನ್.
ಡಿಪೋದ ನೀರಿನ ಟಾಕಿ ಹತ್ರ ಒಂದಿನ
ಟೋಪಿ ಕೈಯಾಗ ಹಿಡದು ಏನೇನೋ ತೊದಲಿದರು.
ನಾನಂದೆ, ರೈಟ್.

ಡೋಣಿ ಸೇತುವಿ ಮ್ಯಾಲ ಬಸ್ಸಿಗೆ ಸ್ಟಾಪಿಲ್ಲ.
ಪುಷ್ಯದಾಗ ಎರಡೂ ದಂಡಿಗೆ ಬಿಳಿಜೋಳ ತೆನಿ ತೂಗಿ
ಮಂಜಿನಾಗ ಯಾರೋ ಕವಣಿ ಬೀಸಿದ ಸಪ್ಪಳ
ಕಿಟಕಿಯಾಗ ಬಂದು ಕಿಟಕಿಯಾಗ ಹೋಗತಿತ್ತು.
ಒಬ್ಬಾಕಿ ಮುದುಕಿ ಕೇಳಿದ್ಲು, "ಇಲ್ಲೇ ಇಳಸವ್ವ, ಹೊಲ ನೋಡತೇನಿ."
"ಸ್ಟಾಪಿಲ್ಲಬೇ, ಮುಂದಿನೂರಿಗೆ ಇಳಿ."
ಆಕೀಗೆ ಹೇಳಿದ್ದು ಒಂದು ಸಲ.
ನನಗ ನಾ ಹೇಳಿಕೊಂಡಿದ್ದಕ್ಕ ಟಿಕೀಟು ಹರದಿದ್ರ
ಎಷ್ಟು ಪುಸ್ತಕ ಖಾಲಿ ಆಗತಿದ್ದವೋ.

"ಹಾಸಗಿ ಉದ್ದ ಸಾಕೇನ್ರಿ?" ದಸ್ತಗೀರ ಟೇಪು ಹಿಡದಾನ.
ಟೇಪಿಗೇನು ತಿಳೀತದ. ಸೆರಗು ಸುತ್ತಿ
ಸುಣ್ಣದ ಗೆರಿಯೊಳಗ ಮಲಗಿಬಿಟ್ಟೆ.
ವೆಲ್ಡಿಂಗ್ ಹುಡುಗರು ಆಕಡಿ ಮಾರಿ ಮಾಡಿದರು.
"ನೀವೂ ಬರ್ರಿ, ಇಬ್ಬರಿಗಿ ಹಿಡಿಸಬೇಕಲ್ಲ."
ಅವರು ಸುತ್ತ ನೋಡಿ, ಕೆಮ್ಮಿ,
ಇಲ್ಲದ ಬಾಗಲದ ಹೊರಗ ಚಪ್ಪಲಿ ಬಿಟ್ಟು
ತಲಿ ಬಗ್ಗಿಸಿ ಒಳಗ ಬಂದರು.

ತಗಡಿನ ಛಾವಣಿ, ಅದರಾಗೊಂದು ತೂತು, ತೂತಿನಾಗ ಬಿಸಿಲು.
ಒಂದು ಆಡು ಅಡಗಿಮನಿ ದಾಟಿ ಹೊರಗ ಹೋತು.
"ಬಾಗಲದ ಕಡಿ ನಾನು," ಅಂದೆ, "ರಾತ್ರಿ ಎರಡು ಸಲ ಏಳತೇನಿ."
"ನಾನು ಮೂರು," ಅಂದರು.
ಅದರ ಮ್ಯಾಲ ಹತ್ತು ಮಿನಿಟು ವಾದ.
ಕಡೀಗೆ ದಸ್ತಗೀರ ಇನ್ನೊಂದು ಬಾಗಲಾ ಬರದ.

ಅಡ್ವಾನ್ಸ್ ನಾನೇ ಎಣಿಸಿದೆ,
ನೋಟು ಉದ್ದಕ ಮಡಚಿ, ಬೆರಳ ಸಂದಿಗೆ ಸಿಗಿಸಿ.
ಕೈ ಮರತಿಲ್ಲ.

"ಮುಂದಿನ ಕ್ಯಾಬಿನ್ನಿಗೂ ಮನಿಗೂ ನಡುವ
ಗಂಟಿ ಹಚ್ಚಲೇನ್ರಿ, ಕರಿಯಾಕ?"
ಬ್ಯಾಡ. ನಾ ಹಿಂದ ಕುಂದರಾಕಿ ಅಲ್ಲ.
ಮುಂದ, ಕಿಟಕಿ ಕಡಿ, ಕಾಲು ಚಾಚಿ.
ಇವರ ಎಡಗಿವಿ ಇಂಜಿನ್ ತಿಂದು ಹಾಕೇದ,
ಕೂಗಿದ್ರ ಕೇಳೂದಿಲ್ಲ.
ಭುಜ ಮುಟ್ಟಿ ಹೇಳಬೇಕು,
ಸೇತುವಿ ನಡುವ,
ಇಳಿಯವರು ಯಾರೂ ಇಲ್ಲದಾಗ.