ತೊಂಬತ್ತೇಳು

ನಾರ್ಫೋಕ್‌ನ ಅಂಗಡಿ ಮುಂದೆ ಕಾರು ನಿಲ್ಲಿಸಿ
ಟಿಡ್‌ವೆಲ್ ನೆಲ ನೋಡುತ್ತಲೇ ನಡೆಯುತ್ತಾನೆ.
ತಿರುಪು, ಬಾಟಲಿ ಮುಚ್ಚಳ, ಮುರಿದ ಪಿನ್ನು,
ಎಲ್ಲ ಜೇಬಿಗೆ.

ಹಡಗಿನಲ್ಲೂ ದಿನಾ ಬೆಳಗ್ಗೆ ಹೀಗೇ:
ಭುಜಕ್ಕೆ ಭುಜ ತಾಗಿಸಿ ಇನ್ನೂರು ಜನ,
ಕಾಳು ಹೆಕ್ಕುವ ಕೋಳಿಗಳಂತೆ.
ಒಂದು ಮೊಳೆ ಸಾಕು, ಎಂಜಿನ್ನು ನುಂಗಿದರೆ
ವಿಮಾನವೇ ಬೂದಿ.

ಆ ಸಂಜೆ ಡೆಕ್ಕಿನಲ್ಲಿ ಮೊಳೆ ಇರಲಿಲ್ಲ.
ಇಳಿದ ವಿಮಾನವನ್ನು ಹಿಡಿಯುವ ಉಕ್ಕಿನ ಹಗ್ಗ,
ಮೂರನೆಯದು, ಹರಿಯಿತು.
ಲಮಾರ್ ಒಂದು ಸಲ ನೆಗೆದ.
ಅದು ಎರಡು ಸಲ ಬಂತು.

ನೂರು ವಿಮಾನಕ್ಕೊಮ್ಮೆ ಹಗ್ಗ ಬದಲಿಸಬೇಕು.
ಪುಸ್ತಕದಲ್ಲಿ ತೊಂಬತ್ತೇಳು,
ಮೂರು ದಿನದಿಂದ ತೊಂಬತ್ತೇಳೇ.
ಕೈಬರಹ ಟಿಡ್‌ವೆಲ್‌ನದು.
ಬರೆಸಿದವರು ಸಹಿ ಹಾಕಿಲ್ಲ.

ಅಡುಗೆಮನೆಯ ಗಾಜಿನ ಜಾಡಿ ತುಂಬುತ್ತ ಬಂದಿದೆ.
ಎಷ್ಟಿವೆ ತಾತಾ, ಎಂದು ಮೊಮ್ಮಗಳು ಕೇಳಿದರೆ
ಎಣಿಸಿಲ್ಲ ಅನ್ನುತ್ತಾನೆ.